ಬಿಸಿಲು ಹುಡುಕಿಕೊಂಡು ನೀಸ್‌ಗೆ

ಪ್ಯಾರಿಸ್‌ನಲ್ಲಿ ಮೂರು ದಿನ ಸೂರ್ಯನ ಮುಖವನ್ನೇ ಕಂಡಿರಲಿಲ್ಲ. ಫೆಬ್ರುವರಿಯ ಜಿಟಿಜಿಟಿ ಮಳೆ, ಒಣಗದ ಕಾಲುಚೀಲ. ದಕ್ಷಿಣ ಫ್ರಾನ್ಸಿನ ಕಡಲತೀರದ ಊರು ನೀಸ್‌ಗೆ ಹೊರಟ ರೈಲು ಸೇಂಟ್ ರಫಾಯೆಲ್ ದಾಟುತ್ತಿದ್ದಂತೆ ಕಿಟಕಿಯಾಚೆ ಎಸ್ತೆರೆಲ್ ಬೆಟ್ಟದ ಕೆಂಪು ಬಂಡೆಗಳು, ಅವುಗಳ ಬುಡದಲ್ಲೇ ನೀಲಿ ಕಡಲು. ಎದುರು ಸೀಟಿನ ಅಜ್ಜಿ ಕೋಟು ಕಳಚಿ ಮಡಿಚಿಟ್ಟು, ಕಣ್ಣು ಮುಚ್ಚಿ ಬಿಸಿಲಿಗೆ ಮುಖ ಒಡ್ಡಿದರು. ಕಲಬುರಗಿಯಲ್ಲಿ ಹುಟ್ಟಿ ಬೆಳೆದ ನನಗೆ ಬಿಸಿಲೆಂದರೆ ತಪ್ಪಿಸಿಕೊಂಡು ಓಡಾಡಬೇಕಾದದ್ದು. ಅದನ್ನು ಹೀಗೆ ಅರಸಿಕೊಂಡು ಬರುವವರನ್ನು ನೋಡಿದ್ದು ಅದೇ ಮೊದಲು.

ಆದರೆ ಈ ಊರು ಬೆಳೆದದ್ದೇ ಅಂಥವರಿಂದ. ಹದಿನೆಂಟನೇ ಶತಮಾನದಿಂದಲೂ ಇಂಗ್ಲಿಷರು ತಮ್ಮ ನಾಡಿನ ಚಳಿಗೆ ಹೆದರಿ ಇಲ್ಲಿಗೆ ಬರುತ್ತಿದ್ದರು. 1820ರ ದಶಕದಲ್ಲಿ ಅವರ ಹಣದಿಂದ ಕಡಲಂಚಿನಲ್ಲಿ ಆದ ಕಾಲುದಾರಿಯೇ ಮುಂದೆ ಏಳು ಕಿಲೋಮೀಟರ್ ಉದ್ದದ ‘ಪ್ರೊಮೆನಾದ್ ದೆಸ್ ಆಂಗ್ಲೆ’ ಆಯಿತು. ಎಂದರೆ ಇಂಗ್ಲಿಷರ ವಿಹಾರಪಥ. ಆಗ ನೀಸ್ ಫ್ರಾನ್ಸಿಗೆ ಸೇರಿರಲಿಲ್ಲ, ಸೇರಿದ್ದು 1860ರಲ್ಲಿ. ಹಳೆಯ ಪೇಟೆಯ ಬೀದಿ ಫಲಕಗಳಲ್ಲಿ ಫ್ರೆಂಚ್ ಜೊತೆಗೆ ಇಂದಿಗೂ ಸ್ಥಳೀಯ ನಿಸ್ಸಾರ್ ನುಡಿ ಇದೆ. ನಾಮಫಲಕದ ಜಗಳಗಳನ್ನು ಕಂಡುಬಂದ ಕನ್ನಡಿಗನ ಕಣ್ಣು ಅಲ್ಲಿ ತುಸು ಹೆಚ್ಚು ಹೊತ್ತು ನಿಂತಿತು.

ಕಡಲತೀರದಲ್ಲಿ ಮಾತ್ರ ಮೋಸಹೋದೆ. ಮರಳೇ ಇಲ್ಲ, ಬರೀ ಬೂದು ಬಣ್ಣದ ಗುಂಡುಕಲ್ಲು. ಮಲ್ಪೆಯ ನೆನಪಿನಲ್ಲಿ ಚಪ್ಪಲಿ ಬಿಟ್ಟು ಇಳಿದವನು ಹತ್ತು ಹೆಜ್ಜೆಗೇ ಕುಂಟುತ್ತ ಕುಳಿತುಬಿಟ್ಟೆ. ಕುಳಿತ ಮೇಲೆ ಕೇಳಿಸಿತು: ಅಲೆ ಹಿಂದೆ ಸರಿದಾಗಲೆಲ್ಲ ಸಾವಿರಾರು ಕಲ್ಲುಗಳು ಒಂದರ ಮೇಲೊಂದು ಉರುಳಿ, ಮೊರದಲ್ಲಿ ಶೇಂಗಾ ಕೇರಿದಂಥ ಸದ್ದು. ಅರ್ಧ ಗಂಟೆ ಅದನ್ನೇ ಕೇಳುತ್ತ ಕುಳಿತಿದ್ದೆ.

ಸರಿಯಾಗಿ ಹನ್ನೆರಡಕ್ಕೆ ‘ಢಂ’ ಎಂದಿತು. ಬೆಚ್ಚಿದವರು ನಾನು, ನನ್ನ ಹೆಂಡತಿ ಇಬ್ಬರೇ. ಕೋಟೆಗುಡ್ಡದ ಮೇಲಿಂದ ದಿನವೂ ಹಾರಿಸುವ ಮಧ್ಯಾಹ್ನದ ಗುಂಡಂತೆ. (ಗುಡ್ಡಕ್ಕೆ ಕೋಟೆಯ ಹೆಸರಷ್ಟೇ, ಕೋಟೆಯನ್ನು ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿ 1706ರಲ್ಲೇ ಕೆಡವಿಸಿದ್ದಾನೆ.)

ಊಟಕ್ಕೆ ಹಳೆಯ ಪೇಟೆಯಲ್ಲಿ ಸೊಕ್ಕಾ. ಕಡಲೆಹಿಟ್ಟಿಗೆ ನೀರು, ಉಪ್ಪು, ಆಲಿವ್ ಎಣ್ಣೆ ಸೇರಿಸಿ, ಗಾಡಿಚಕ್ರದಷ್ಟು ಅಗಲದ ತಾಮ್ರದ ತಟ್ಟೆಗೆ ಹುಯ್ದು ಸೌದೆಯ ಒಲೆಯೊಳಗೆ ತಳ್ಳುತ್ತಾರೆ. ಅಂಚು ಗರಿಗರಿ, ನಡು ಮೆತ್ತಗೆ, ಮೇಲೆ ಅಲ್ಲಲ್ಲಿ ಸೀದ ಕಲೆ. ಅಂಗಡಿಯಾಕೆ ಕೆರೆದು ತುಂಡು ಮಾಡಿ, ಕರಿಮೆಣಸಿನ ಪುಡಿ ಉದುರಿಸಿ ಕೊಟ್ಟರು. ನನ್ನ ಹೆಂಡತಿ ಒಂದು ತುಂಡು ಬಾಯಿಗಿಟ್ಟು, “ನಮ್ಮ ಝುಣಕದ ವಡಿಯೇ ಇದು, ಒಗ್ಗರಣೆ ಹಾಕುವುದನ್ನು ಮರೆತಿದ್ದಾರೆ” ಎಂದಳು. ಎರಡನೆಯ ತಟ್ಟೆಗೆ ಬಿಸಿಲಿನಲ್ಲಿ ಸಾಲು ನಿಂತವಳೂ ಅವಳೇ, ಛತ್ರಿ ಬಿಚ್ಚದೆ.