ಜೂಮ್ ಇಲ್ಲದ ಸ್ಕೋಪ್ ಯಾಕೆ, ಕೊಂಡರೆ ಯಾವುದು?

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಜಿಂಕೆ ಬೇಟೆಯ ನವೆಂಬರ್ ಹತ್ತಿರವಾದಂತೆ ನನಗೆ ಬರುವ ಫೋನುಗಳಲ್ಲಿ ಅರ್ಧದಷ್ಟು ಇದೇ ಪ್ರಶ್ನೆ. ಇಲ್ಲಿಗೆ ಬಂದು ನೆಲೆಸಿದ ನಮ್ಮ ಮಲೆನಾಡಿನ ಹುಡುಗರು ಬೇಟೆಗಾರರ ತರಬೇತಿ ಮುಗಿಸಿ, ಲೈಸೆನ್ಸ್ ಪಡೆದು, ಮೊದಲ ರೈಫಲ್ ಕೊಂಡಿರುತ್ತಾರೆ. ನನ್ನ .308 ರೈಫಲಿನ ಮೇಲಿರುವ 4 ಪವರಿನ ಸ್ಕೋಪ್ (ಗುರಿಯನ್ನು ನಾಲ್ಕು ಪಟ್ಟು ದೊಡ್ಡದಾಗಿ ತೋರಿಸುವ ದುರ್ಬೀನು) ನೆನಪಾಗಿ ಕೇಳುತ್ತಾರೆ: "ಅಣ್ಣಾ, 3ರಿಂದ 9ರವರೆಗೆ ತಿರುಗಿಸೋ ಸ್ಕೋಪ್ ಅದೇ ದುಡ್ಡಿಗೆ ಸಿಗುತ್ತಲ್ಲ, ನೀವ್ಯಾಕೆ ಒಂದೇ ಪವರಿಂದು ಇಟ್ಕೊಂಡಿದೀರಿ?"

ಮೊದಲು ನನ್ನ ಹತ್ತಿರವೂ 3-9×40 ಇತ್ತು, ಅಂದರೆ 3ರಿಂದ 9 ಪವರ್, ಮುಂಬದಿಯ ಗಾಜು 40 ಮಿಲಿಮೀಟರ್. ಮೂರನೆಯ ವರ್ಷ, ಟಿಯೋಗಾ ಕೌಂಟಿಯ ಹೆಮ್ಲಾಕ್ ಮರಗಳ ಇಳಿಜಾರಿನಲ್ಲಿ ಕೂತಿದ್ದೆ. ಬೆಳಿಗ್ಗೆ ಎದುರಿನ ಗುಡ್ಡದಲ್ಲಿ ಏನೋ ಅಲುಗಾಡಿತೆಂದು ಸ್ಕೋಪನ್ನು 9ಕ್ಕೆ ತಿರುಗಿಸಿ ನೋಡಿದವನು ಮತ್ತೆ ಇಳಿಸಲು ಮರೆತೆ. ಸಂಜೆ ನಾಲ್ಕರ ಸುಮಾರಿಗೆ ಬಿಳಿಬಾಲದ ಗಂಡು ಜಿಂಕೆ ಮೂವತ್ತು ಗಜದಲ್ಲಿ ಬಂದು ನಿಂತಿತು. ರೈಫಲ್ ಎತ್ತಿದರೆ ಕಂಡದ್ದು ಬರೀ ಕಂದು ರೋಮ. ಭುಜ ಯಾವುದು, ತೊಡೆ ಯಾವುದು ಗೊತ್ತಾಗಲಿಲ್ಲ. 9 ಪವರಿನಲ್ಲಿ 100 ಗಜ ದೂರದಲ್ಲಿ ಕಾಣುವ ಅಗಲವೇ ಸುಮಾರು 14 ಅಡಿ. ಮೂವತ್ತು ಗಜದಲ್ಲಿ ಅದು 4 ಅಡಿಗೆ ಇಳಿಯುತ್ತದೆ, ಅಂದರೆ ಹೆಚ್ಚುಕಡಿಮೆ ಜಿಂಕೆಯ ಮೈಯಷ್ಟೇ. ಪವರ್ ಇಳಿಸುವ ಉಂಗುರ ತಿರುಗಿಸಲು ಕೈ ಹೋಗುವಷ್ಟರಲ್ಲಿ ಅದು ಪೊದೆ ದಾಟಿತ್ತು. ಈಡು ಹೊಡೆಯದೆ ಬಿಟ್ಟದ್ದು ಸರಿಯಾಯಿತು. ಎಲ್ಲಿ ತಗಲುತ್ತದೆಂದು ತಿಳಿಯದೆ ಹೊಡೆದಿದ್ದರೆ ಗಾಯಗೊಂಡ ಪ್ರಾಣಿ ರಾತ್ರಿಯಿಡೀ ನರಳುತ್ತಿತ್ತು.

ಅದಕ್ಕೂ ದೊಡ್ಡ ತಪ್ಪು ಬೆಳಿಗ್ಗೆಯದು. ಅದೇನೆಂದು ತಿಳಿಯದ ವಸ್ತುವಿನತ್ತ ತೋಟಾ ತುಂಬಿದ ರೈಫಲ್ ತಿರುಗಿಸಿದ್ದೆ. ಅಲ್ಲೊಬ್ಬ ಮನುಷ್ಯ ಕೂತಿದ್ದರೆ ನನ್ನ ನಳಿಗೆ ಅವನ ಎದೆಗೆ ನೇರವಾಗಿರುತ್ತಿತ್ತು. ಇಲ್ಲಿ ರೈಫಲ್ ಸೀಸನ್ನಿನಲ್ಲಿ ಬೇಟೆಗಾರರೆಲ್ಲ ಕಿತ್ತಳೆ ಬಣ್ಣದ ಉಡುಪು ಹಾಕಲೇಬೇಕು, ನಿಜ. ಮರದ ಮರೆಯಲ್ಲಿರುವವನ ಜಾಕೆಟ್ ಕಾಣುವುದಿಲ್ಲ. ನೋಡುವುದಕ್ಕೆ ಬೈನಾಕ್ಯುಲರ್, ಹೊಡೆಯುವುದಕ್ಕೆ ಸ್ಕೋಪ್. 4 ಪವರಿನ ಸ್ಕೋಪ್ ದೂರದ ಗುಡ್ಡ ಹುಡುಕುವ ಆಸೆಯನ್ನೇ ಹುಟ್ಟಿಸುವುದಿಲ್ಲ. ಉಳಿದ ದುಡ್ಡಿದ್ದರೆ ಒಳ್ಳೆಯ 8×42 ಬೈನಾಕ್ಯುಲರಿಗೆ ಹಾಕಿ.

ಆದರೆ ನನ್ನ ಮುಖ್ಯ ಕಾರಣ ಬೇರೆಯೇ ಇದೆ. ಪವರ್ ಬದಲಾಗದಿದ್ದರೆ ಚಿತ್ರವೂ ಬದಲಾಗುವುದಿಲ್ಲ. 50 ಗಜದ ಜಿಂಕೆ ಯಾವಾಗಲೂ ಅಷ್ಟೇ ದೊಡ್ಡದು, 150 ಗಜದ್ದು ಯಾವಾಗಲೂ ಅಷ್ಟೇ ಚಿಕ್ಕದು. ಎರಡು ಸೀಸನ್ ಕಳೆದರೆ ದೂರವನ್ನು ಕಣ್ಣೇ ಹೇಳುತ್ತದೆ. ಇದನ್ನು ಸೀಸನ್ನಿಗೆ ಮುಂಚೆಯೇ ಕಲಿಯಬಹುದು. ಜಿಂಕೆಯ ಎದೆ ಬೆನ್ನಿನಿಂದ ಕೆಳಗಿನವರೆಗೆ ಸುಮಾರು 16 ಅಂಗುಲ. ಅಷ್ಟೇ ಎತ್ತರದ ರಟ್ಟು ಕತ್ತರಿಸಿ ರೇಂಜಿನಲ್ಲಿ (ಗುರಿ ಅಭ್ಯಾಸದ ಮೈದಾನದಲ್ಲಿ) 50, 100, 200 ಗಜಕ್ಕೆ ನಿಲ್ಲಿಸಿ, ಸ್ಕೋಪಿನೊಳಗೆ ಕಾಣುವ ನೆಟ್ಟಗಿನ ಗುರಿಗೆರೆಯ ಮೇಲಿನ, ಕೆಳಗಿನ ದಪ್ಪ ಭಾಗಗಳ ನಡುವೆ ಅದು ಎಷ್ಟು ಜಾಗ ತುಂಬುತ್ತದೆಂದು ಬರೆದಿಟ್ಟುಕೊಳ್ಳಿ. ಜೂಮ್ ಸ್ಕೋಪುಗಳಲ್ಲಿ ಹೆಚ್ಚಿನವುಗಳಲ್ಲಿ ಪವರ್ ತಿರುಗಿಸಿದ ತಕ್ಷಣ ಈ ಲೆಕ್ಕ ಬದಲಾಗುತ್ತದೆ.

ಇನ್ನು ಬೆಳಕು. ಇಲ್ಲಿ ಸೂರ್ಯ ಮುಳುಗಿದ ಅರ್ಧ ಗಂಟೆಯವರೆಗೂ ಜಿಂಕೆ ಬೇಟೆಗೆ ಅನುಮತಿಯಿದೆ, ಅದೇ ಅರ್ಧ ಗಂಟೆಯಲ್ಲಿ ಜಿಂಕೆ ಹೊರಬರುವುದೂ ಹೆಚ್ಚು. ಸ್ಕೋಪನ್ನು ಕೈಯಳತೆ ದೂರದಲ್ಲಿ ಬೆಳಕಿನ ಕಡೆ ಹಿಡಿಯಿರಿ, ಹಿಂಬದಿಯ ಗಾಜಿನಲ್ಲಿ ಒಂದು ಬೆಳಕಿನ ಬೊಟ್ಟು ಕಾಣುತ್ತದೆ. ಮುಂಬದಿಯ ಗಾಜಿನ ಅಳತೆಯನ್ನು ಪವರಿನಿಂದ ಭಾಗಿಸಿದರೆ ಆ ಬೊಟ್ಟಿನ ಅಗಲ ಸಿಗುತ್ತದೆ. 4×32ಕ್ಕೆ 8 ಮಿಲಿಮೀಟರ್, 6×42ಕ್ಕೆ 7. 9ಕ್ಕೆ ಏರಿಸಿದ 3-9×40ಕ್ಕೆ 4.4 ಮಾತ್ರ. ಕತ್ತಲಲ್ಲಿ ಹರೆಯದವರ ಕಣ್ಣಿನ ಪಾಪೆ ಹಿಗ್ಗುವುದು ಸುಮಾರು 7 ಮಿಲಿಮೀಟರಿಗೆ, ವಯಸ್ಸಾದಂತೆ ಇನ್ನೂ ಕಡಿಮೆ. ಬೊಟ್ಟು ಪಾಪೆಗಿಂತ ಸಣ್ಣದಾದರೆ ಚಿತ್ರ ಮಂಕಾಗುತ್ತದೆ, ದೊಡ್ಡದಿದ್ದರೆ ತಲೆ ಸ್ವಲ್ಪ ಆಚೀಚೆ ಇಟ್ಟರೂ ಚಿತ್ರ ತಪ್ಪುವುದಿಲ್ಲ. ಜೂಮ್ ಸ್ಕೋಪನ್ನು 5ಕ್ಕೆ ಇಳಿಸಿದರೆ ಅದೂ 8 ಮಿಲಿಮೀಟರ್ ಕೊಡುತ್ತದೆ, ಇಳಿಸುವುದು ನೆನಪಾಗಬೇಕು ಅಷ್ಟೆ. ಜರ್ಮನಿಯಲ್ಲಿ ಬೆಳದಿಂಗಳಲ್ಲಿ ಕಾಡುಹಂದಿಗೆ ಅಟ್ಟಣೆಯ ಮೇಲೆ ಕಾಯುವವರು 8×56 ಇಟ್ಟುಕೊಳ್ಳುವುದರ ಹಿಂದೆಯೂ ಇದೇ 7ರ ಲೆಕ್ಕವಿದೆ. ನಮ್ಮಜ್ಜ 1972ರ ವನ್ಯಜೀವಿ ಕಾಯ್ದೆಗೆ ಮುಂಚೆ ಕೇಪಿನ ಕೋವಿ ಹಿಡಿದು ಮರಸು ಕೂರುತ್ತಿದ್ದರಂತೆ, ಅಂದರೆ ಮರೆಯಲ್ಲಿ ಪ್ರಾಣಿಗೆ ಕಾಯುತ್ತಿದ್ದರಂತೆ. ಸ್ಕೋಪ್ ಎಂಬುದನ್ನೇ ಕಂಡವರಲ್ಲ. ಈಗ ಊರಿನಲ್ಲಿ ಬೇಟೆ ಇಲ್ಲ, ಇರಲೂಬಾರದು.

4 ತೆಗೆದುಕೊಳ್ಳುವುದೋ 6 ತೆಗೆದುಕೊಳ್ಳುವುದೋ? 4 ಪವರ್ ಎಂದರೆ 200 ಗಜದ ಜಿಂಕೆ 50 ಗಜದಲ್ಲಿ ನಿಂತಂತೆ, 6 ಎಂದರೆ 300 ಗಜದ್ದು 50ರಲ್ಲಿ ನಿಂತಂತೆ. ದಟ್ಟ ಕಾಡಿನಲ್ಲಿ ನಡೆಯುವವರು, ಸೋವು ಬೇಟೆಯಲ್ಲಿ (ಉಳಿದವರು ಕಾಡಿನಿಂದ ಎಬ್ಬಿಸಿ ಓಡಿಸುವ ಬೇಟೆಯಲ್ಲಿ) ಓಡಿಬರುವ ಜಿಂಕೆಗೆ ಕಾಯುವವರು 4 ತೆಗೆದುಕೊಳ್ಳಿ. ಜೋಳದ ಹೊಲದ ಅಂಚಿನಲ್ಲಿ, ವಿದ್ಯುತ್ ತಂತಿಗಾಗಿ ಮರ ಕಡಿದ ಪಟ್ಟಿಯಲ್ಲಿ ಕೂರುವವರಿಗೆ 6×42 ಒಳ್ಳೆಯದು. ಒಂದೇ ರೈಫಲ್ ಇಟ್ಟುಕೊಂಡು ಎರಡೂ ಕಡೆ ಹೋಗುವವರಿಗೂ ನಾನು 6 ಎನ್ನುತ್ತೇನೆ, ಮೂವತ್ತು ಗಜದಲ್ಲೂ ಅದರಲ್ಲಿ 5 ಅಡಿ ಕಾಣುತ್ತದೆ. 10 ಪವರಿನದನ್ನು ಕಾಡಿಗೆ ತರಬೇಡಿ. ವಯೋಮಿಂಗ್‌ನ ಬಯಲಿನಲ್ಲಿ ಪ್ರಾಂಗ್‌ಹಾರ್ನ್ (ಜಿಂಕೆಯಂಥ ಬಯಲು ಪ್ರಾಣಿ) ಬೇಟೆಗೆ ಹೊರಟವರಿಗೆ, ರೇಂಜಿನಲ್ಲಿ ಸಣ್ಣ ಗುರಿಗೆ ಹೊಡೆಯುವವರಿಗೆ ಜೂಮ್ ಸ್ಕೋಪೇ ಸರಿ, ಅವರಿಗೆ ನನ್ನ ಮಾತು ಅನ್ವಯಿಸುವುದಿಲ್ಲ.

ಒಳಗೆ ಸರಿದಾಡುವ ಗಾಜು ಕಡಿಮೆಯಾದ್ದರಿಂದ ಜೂಮ್ ಇಲ್ಲದ ಸ್ಕೋಪುಗಳು ಹಗುರ, ಕೆಡುವ ಭಾಗಗಳೂ ಕಡಿಮೆ. ಅಂಗಡಿಯಲ್ಲಿ ಆಯ್ಕೆ ಮಾತ್ರ ಈಗ ಕಡಿಮೆ. ಹಳೆಯ ವೀವರ್ ಕೆ4, ಲ್ಯೂಪೋಲ್ಡ್ ಎಂ8 ಸೆಕೆಂಡ್ ಹ್ಯಾಂಡ್ ಸಿಕ್ಕರೆ ಗಾಜಿನೊಳಗೆ ಮಂಜು ಕಟ್ಟಿದೆಯೇ ನೋಡಿ. ರೇಂಜಿನಲ್ಲಿ ಸ್ಕೋಪಿನ ಗುರಿ ಹೊಂದಿಸುವ ತಿರುಗಣೆಗಳಿಂದ ಗುರಿಯನ್ನು 20 ಕ್ಲಿಕ್ ಮೇಲೆ, ಬಲಕ್ಕೆ, ಕೆಳಗೆ, ಎಡಕ್ಕೆ ಒಯ್ದು, ಮೊದಲು ಹೊಡೆದಲ್ಲಿಗೇ ಗುಂಡು ಮರಳುತ್ತದೆಯೇ ಪರೀಕ್ಷಿಸಿ. ಕ್ಲಿಕ್ ಇಲ್ಲದ ಹಳೆಯವುಗಳಲ್ಲಿ ತಿರುಗಣೆಯ ಮೇಲಿನ ಗೆರೆ ಎಣಿಸಿ.

ಸ್ಕೋಪನ್ನು ರೈಫಲಿನ ಮೇಲೆ ಕೂರಿಸುವಾಗ ನವೆಂಬರ್‌ನಲ್ಲಿ ತೊಡುವ ದಪ್ಪ ಜಾಕೆಟ್ಟನ್ನೇ ಹಾಕಿಕೊಳ್ಳಿ. ರೈಫಲ್ ಖಾಲಿ ಇದೆಯೆಂದು ಎರಡು ಸಲ ನೋಡಿ, ಕಣ್ಣು ಮುಚ್ಚಿ ಭುಜಕ್ಕೆ ಏರಿಸಿ, ಕೆನ್ನೆ ಊರಿ, ಆಮೇಲೆ ಕಣ್ಣು ಬಿಡಿ. ಪೂರ್ತಿ ವೃತ್ತ ಕಾಣಬೇಕು. ಸುತ್ತ ಕಪ್ಪು ಕಂಡರೆ ತಲೆ ಸರಿಸಬೇಡಿ, ಸ್ಕೋಪನ್ನು ಹಿಂದೆ ಮುಂದೆ ಸರಿಸಿ. ಕಣ್ಣಿಗೂ ಗಾಜಿಗೂ ಮೂರೂವರೆ ಅಂಗುಲವಾದರೂ ಬಿಟ್ಟ ಮೇಲೆಯೇ ತಿರುಪು ಬಿಗಿ ಮಾಡಿ. ಇಲ್ಲದಿದ್ದರೆ .308ರ ಒದೆತಕ್ಕೆ ಹುಬ್ಬು ಸೀಳುತ್ತದೆ.