ಮೇಡಂ, ಈ ಪಿಡಿಎಫ್ ಅಸೈನ್‌ಮೆಂಟ್‌ಗೆ ನಡೆಯುತ್ತಾ?

‘ಜರ್ನಲ್ ಲೇಖನಗಳನ್ನೇ ಬಳಸಿ’, ಅಂದರೆ ಸಂಶೋಧನಾ ಪತ್ರಿಕೆಗಳಲ್ಲಿ ಬಂದವನ್ನೇ, ಅಂತ ಅಸೈನ್‌ಮೆಂಟ್‌ನಲ್ಲಿ ಒಂದು ಸಾಲು ಇದ್ದರೆ ಸಾಕು, ಈ ಪ್ರಶ್ನೆ ನನ್ನ ಹತ್ತಿರ ಬಂದೇ ಬರುತ್ತದೆ. ಜೊತೆಗೊಂದು ಪಿಡಿಎಫ್.

ಪಿಡಿಎಫ್ ನೋಡಲು ಹೇಗಿದೆ ಅನ್ನುವುದು ಬಿಡಿ. ಎರಡು ಕಾಲಂ, ಉದ್ದನೆಯ ಶೀರ್ಷಿಕೆ ಯಾರು ಬೇಕಾದರೂ ಹಾಕಬಹುದು. ಪ್ರಕಟವಾಗುವ ಮುಂಚೆ ಆ ವಿಷಯ ಬಲ್ಲ ಬೇರೆಯವರು ಓದಿ ತಕರಾರು ತೆಗೆದಿದ್ದಾರಾ? ಅದೇ ಪೀರ್ ರಿವ್ಯೂ. ಜರ್ನಲ್‌ನ ವೆಬ್‌ಸೈಟಿನಲ್ಲಿ ಅದರ ವಿವರ ಇರುತ್ತದೆ, ಹೋಗಿ ನೋಡಿ. ಅಂಥ ಜರ್ನಲ್‌ನಲ್ಲೂ ಸಂಪಾದಕೀಯ, ಪುಸ್ತಕ ವಿಮರ್ಶೆ, ಪತ್ರಗಳು ಬರುತ್ತವೆ. ಅವು ಸಂಶೋಧನಾ ಲೇಖನಗಳಲ್ಲ. ಸಂಶೋಧನಾ ಬರಹ ಹುಡುಕಿಕೊಡುವ ಗೂಗಲ್ ಸ್ಕಾಲರ್ ತಾಣ ಥೀಸಿಸ್, ಪ್ರೀಪ್ರಿಂಟ್ (ಪೀರ್ ರಿವ್ಯೂಗೆ ಮುಂಚೆಯೇ ಹಾಕಿದ ಪ್ರತಿ) ಎಲ್ಲವನ್ನೂ ಒಟ್ಟಿಗೇ ತೋರಿಸುತ್ತದೆ. ಡಿಒಐ, ಅಂದರೆ ಲೇಖನಕ್ಕೆ ಕೊಡುವ ಕಾಯಂ ಗುರುತಿನ ಸಂಖ್ಯೆ, ಇದ್ದರೆ ಲೇಖನ ಹುಡುಕುವುದು ಸುಲಭ, ಅಷ್ಟೇ.

ಪೀರ್ ರಿವ್ಯೂ ಅಂತ ಬೋರ್ಡು ಹಾಕಿಕೊಂಡವರೆಲ್ಲ ಅದನ್ನು ಮಾಡುತ್ತಾರೆ ಅಂದುಕೊಳ್ಳಬೇಡಿ. ‘ಸೈನ್ಸ್’ ಪತ್ರಿಕೆಗಾಗಿ ಪತ್ರಕರ್ತರೊಬ್ಬರು ಬೇಕಂತಲೇ ತಪ್ಪು ತುಂಬಿದ ಲೇಖನವನ್ನು 304 ಓಪನ್ ಆಕ್ಸೆಸ್ (ಯಾರು ಬೇಕಾದರೂ ಉಚಿತವಾಗಿ ಓದಬಹುದಾದ) ಜರ್ನಲ್‌ಗಳಿಗೆ ಕಳಿಸಿದ್ದರು. 157 ಜರ್ನಲ್‌ಗಳು ಒಪ್ಪಿಕೊಂಡವು! 2013ರಲ್ಲಿ ಆ ವರದಿ ಬಂತು. ದೊಡ್ಡ ಹೆಸರಿದ್ದರೂ ಎಚ್ಚರ ಬೇಕು. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಸೂಚಿಸಿದ, ಬರೀ 12 ಮಕ್ಕಳ ಮೇಲಿನ ಲೇಖನ 1998ರಲ್ಲಿ ಬಂದದ್ದು ‘ಲ್ಯಾನ್ಸೆಟ್‌’ನಲ್ಲಿ. ಹಿಂದಕ್ಕೆ ಪಡೆದದ್ದು 2010ರಲ್ಲಿ. ಎಲ್ಲೋ ಸಿಕ್ಕ ಹಳೇ ಪಿಡಿಎಫ್‌ನಲ್ಲಿ ಅದು ಗೊತ್ತಾಗುವುದಿಲ್ಲ. ಪ್ರಕಾಶಕರ ಪುಟದಲ್ಲಿ ‘ರಿಟ್ರಾಕ್ಟೆಡ್’ (ಹಿಂದಕ್ಕೆ ಪಡೆಯಲಾಗಿದೆ) ಅಂತ ಇದೆಯಾ ನೋಡಿಕೊಳ್ಳಿ.

ಇನ್ನು ಬಳಸುವ ವಿಚಾರ. ನನ್ನ ಪ್ರಕಾರ ಹೆಚ್ಚು ಅಂಕ ಹೋಗುವುದು ಇಲ್ಲೇ. ಅಬ್‌ಸ್ಟ್ರಾಕ್ಟ್ (ಲೇಖನದ ಮೊದಲಿಗಿರುವ ಸಾರಾಂಶ) ಓದಿ ಒಂದು ಸಾಲು ಎತ್ತಿಕೊಳ್ಳುತ್ತಾರೆ. ‘ಕಡಿಮೆ ನಿದ್ದೆ ಮಾಡುವವರ ಅಂಕಗಳೂ ಕಡಿಮೆ ಇದ್ದವು’ ಅಂತ ಲೇಖನದಲ್ಲಿದೆ ಅನ್ನಿ. ಅಸೈನ್‌ಮೆಂಟ್‌ಗೆ ಬರುವಷ್ಟರಲ್ಲಿ ಅದು ‘ನಿದ್ದೆಗೆಟ್ಟರೆ ಅಂಕ ಕಡಿಮೆಯಾಗುತ್ತದೆ ಎಂದು ಸಾಬೀತಾಗಿದೆ’ ಅಂತಾಗಿರುತ್ತದೆ. ಓದು ತಲೆಗೆ ಹತ್ತದ ಚಿಂತೆಗೇ ಅವರಿಗೆ ನಿದ್ದೆ ಬಾರದೆ ಇದ್ದಿರಬಹುದಲ್ಲ? ಎಷ್ಟು ಜನರನ್ನು, ಹೇಗೆ ಕೇಳಿದರು ಅನ್ನುವುದು ಮೆಥಡ್ಸ್ ಭಾಗದಲ್ಲಿರುತ್ತದೆ. ಅಬ್‌ಸ್ಟ್ರಾಕ್ಟ್ ಆದಮೇಲೆ ಕೊನೆಯ ಚರ್ಚೆ ಓದಿ, ಆಮೇಲೆ ಮೆಥಡ್ಸ್ ಭಾಗಕ್ಕೆ ಬನ್ನಿ. ಅಂಕಿಅಂಶದ ಸೂತ್ರಗಳು ಅರ್ಥವಾಗದಿದ್ದರೆ ಪರವಾಗಿಲ್ಲ, ಮುಂದೆ ಹೋಗಿ.

ಪೂರ್ತಿ ಲೇಖನಕ್ಕೆ ದುಡ್ಡು ಕೇಳಿದರೆ ಕೊಡಬೇಡಿ. ಮೊದಲು ಕಾಲೇಜು ಲೈಬ್ರರಿಯಲ್ಲಿ ವಿಚಾರಿಸಿ. ಸ್ಕಾಲರ್‌ನಲ್ಲಿ ‘ಆಲ್ ವರ್ಷನ್ಸ್’ ಒತ್ತಿದರೆ ಎಷ್ಟೋ ಸಲ ಉಚಿತ ಪ್ರತಿ ಸಿಗುತ್ತದೆ. ಅದೂ ಇಲ್ಲವೆಂದರೆ ಲೇಖಕರಿಗೇ ಮೇಲ್ ಹಾಕಿ ಕೇಳಿ.