ಮಾತಿಗೆ ಮುಂದೆ, ಓದಿಗೆ ನಿಧಾನ

ಬಲ್ಮಠದ ನಮ್ಮ ಮನೆಗೆ ಸಂಜೆ ಹೊತ್ತು ದೇವಶಾಸ್ತ್ರ ಓದುವ ಹುಡುಗನೊಬ್ಬ ಪಾಠಕ್ಕೆ ಬರುತ್ತಾನೆ. ರೋಮಾಪುರದವರಿಗೆ ಪೌಲ ಬರೆದ ಪತ್ರದ ಬಗ್ಗೆ ಬಾಯಲ್ಲಿ ಎಷ್ಟು ಹೊತ್ತು ಬೇಕಾದರೂ ವಾದಿಸಿಯಾನು. ಅದೇ ಪುಟ ಕೈಗೆ ಕೊಟ್ಟರೆ ‘ಪ್ರಾಯಶ್ಚಿತ್ತ’ದ ಒತ್ತಕ್ಷರದ ಹತ್ತಿರ ಬೆರಳು ನಿಂತೇ ಬಿಡುತ್ತದೆ. ಡಿಸ್ಲೆಕ್ಸಿಯಾ, ಅಂದರೆ ಅಕ್ಷರ ಓದಿ ಬರೆಯುವುದರಲ್ಲೇ ತೊಡಕಾಗುವ ಕಲಿಕಾ ನ್ಯೂನತೆ. ಶಾಲೆಯಲ್ಲಿ ಅವನಿಗೆ ಸಿಕ್ಕ ಹೆಸರು ಮಾತ್ರ ‘ಸೋಮಾರಿ’.

ಬರೆದ ಹಾಗೆಯೇ ಓದುವ ಕನ್ನಡದಲ್ಲಿ ಇದೆಲ್ಲ ಉಂಟಾ ಅಂತ ಕೇಳುವವರಿದ್ದಾರೆ. ಉಂಟು ಮಾರಾಯ್ರೆ. ತಪ್ಪು ಓದುವುದು ಕಡಿಮೆ ಇರಬಹುದು, ಆದರೆ ವೇಗ ಬರುವುದಿಲ್ಲ. ಸಾಲಿನ ಕೊನೆ ಮುಟ್ಟುವಾಗ ಶುರು ಮರೆತಿರುತ್ತದೆ. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ.

ನಾವು ಮೊದಲು ಅಧ್ಯಾಯವನ್ನು ಆಡಿಯೋದಲ್ಲಿ ಕೇಳುತ್ತೇವೆ, ಆಮೇಲೆ ದೊಡ್ಡದು ಮಾಡಿದ ಜೆರಾಕ್ಸ್ ಪ್ರತಿಯಲ್ಲಿ ಓದು. ಉದ್ದದ ಸಮಾಸಪದಗಳಿಗೆ ಪೆನ್ಸಿಲಿನಲ್ಲಿ ಗೆರೆ: ಪಾಪ/ನಿವೇದನೆ, ಪುನರ್/ಉತ್ಥಾನ. ಸಂಧಿ ನಿಯಮ ಸದ್ಯಕ್ಕೆ ಬದಿಗಿರಲಿ! ಪೌಲನ ಪತ್ರದ ಮೂಲ ಭಾಷೆ ಗ್ರೀಕ್ ಮಾತ್ರ ನಿಜಕ್ಕೂ ಕಾಟ. ರೋ ಅಕ್ಷರ ಇಂಗ್ಲಿಷಿನ ಪಿಯಂತೆ, ನ್ಯೂ ವಿಯಂತೆ ಕಾಣುತ್ತದೆ. ಅದಕ್ಕೆ ಅಕ್ಕಿ ಹರಡಿದ ತಟ್ಟೆಯಲ್ಲಿ ಬೆರಳಿನಿಂದ ಬರೆಸುತ್ತೇನೆ, ಜೋರಾಗಿ ಹೇಳಿಸುತ್ತೇನೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಅದು ಅವನಿಗೆ ಗೊತ್ತೇ ಇರಲಿಲ್ಲ. “ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳಿದ್ರೆ ಪಾದ್ರಿ ಆಗಲಿಕ್ಕೆ ಲಾಯಕ್ಕಿಲ್ಲ ಅಂತಾರಾ ಟೀಚರ್?” ಎಂದ. ಈ ವಾರ ಕಲಿಕಾ ನ್ಯೂನತೆಯ ಸರ್ಟಿಫಿಕೇಟಿಗೆ ಆಸ್ಪತ್ರೆಗೆ ಕಳಿಸಬೇಕು, ಹೆಚ್ಚು ಸಮಯ ಕೇಳುವ ಅರ್ಜಿಯನ್ನು ಅವನ ಕೈಯಲ್ಲೇ ಬರೆಸಬೇಕು.